ಬೆಂಚಿನ ಮೇಲೆ ಕೂತವರಿಗೂ ಪೂರ್ತಿ ಟಿಕೆಟ್ಟೇ?

ಬೇಸಿಗೆ ಸೂಟಿಯಲ್ಲಿ ನಾವು ಮನೆಮಂದಿ ಐದು ಜನ ಒಂದು ದೊಡ್ಡ ಥೀಮ್ ಪಾರ್ಕಿಗೆ ಹೋಗಿ ಬಂದೆವು. ನಾನು, ಹೆಂಡತಿ, ಅವ್ವ, ಹದಿಮೂರು ವರ್ಷದ ಮಗಳು, ಎಂಟು ವರ್ಷದ ಮಗ. ಬಂದ ಮೇಲೆ ಓಣಿಯಲ್ಲಿ, ನಾನು ಲೆಕ್ಕ ಬರೆಯುವ ಅಡತಿ ಅಂಗಡಿಯಲ್ಲಿ, ಬಸ್ ಸ್ಟ್ಯಾಂಡಿನ ಚಹಾದ ಅಂಗಡಿಯಲ್ಲಿ ಎಲ್ಲರದೂ ಒಂದೇ ಪ್ರಶ್ನೆ. "ಹೆಂಗಿತ್ರಿ? ನಾವೂ ಹೋಗಬಹುದೇನು?" ನಾನು ಮಗನ ಮುಂದೆ ನಿಂತಿದ್ದರೆ "ಭಾರಿ ಇತ್ತು" ಎನ್ನುತ್ತೇನೆ. ಅವ್ವನ ಮುಂದೆ ನಿಂತಿದ್ದರೆ ಸುಮ್ಮನಾಗುತ್ತೇನೆ. ಎರಡೂ ಖರೆ. ದೀಪಾವಳಿ ಸೂಟಿಗೆ ಅಕ್ಕಲಕೋಟ, ಜತ್ತ, ದಕ್ಷಿಣ ಸೊಲ್ಲಾಪುರದ ಎಷ್ಟೋ ಮನೆಗಳು ಇದೇ ವಿಚಾರದಲ್ಲಿವೆ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ. ಪಾರ್ಕಿನ ಹೆಸರು ಬೇಡ. ನಾನು ಇಲ್ಲಿ ಹೇಳುವ ನಿಯಮಗಳು ಅದೊಂದೇ ಪಾರ್ಕಿನವಲ್ಲ, ಹೆಚ್ಚುಕಡಿಮೆ ಎಲ್ಲ ಕಡೆಯೂ ಅವೇ.

ನನ್ನ ವಯಸ್ಸಿನವರಿಗೆ ಈ ಆಸೆ ಹಳೆಯದು. ಮುಂಬೈಯ ಗೋರಾಯಿಯಲ್ಲಿ 1989ರಲ್ಲಿ ಎಸ್ಸೆಲ್ ವರ್ಲ್ಡ್ ಶುರುವಾಯಿತು. ಅದರ ಜಾಹೀರಾತು ಟಿವಿಯಲ್ಲಿ ಬಂದಾಗ ನಾವು ಹುಡುಗರು ಊಟ ಬಿಟ್ಟು ನೋಡುತ್ತಿದ್ದೆವು. ಅಪ್ಪ "ಮುಂದಿನ ವರ್ಷ" ಎನ್ನುತ್ತಿದ್ದರು. ಆ ಮುಂದಿನ ವರ್ಷ ಬರಲೇ ಇಲ್ಲ. ನಮ್ಮ ಪಾಲಿಗೆ ಇದ್ದದ್ದು ಸಂಕ್ರಮಣದ ಹೊತ್ತಿಗೆ ಸೊಲ್ಲಾಪುರದ ಸಿದ್ಧರಾಮೇಶ್ವರರ ಗಡ್ಡಾ ಜಾತ್ರೆ. ನಂದಿಕೋಲು ನೋಡಿ, ಹೋಮ ಮೈದಾನದಲ್ಲಿ ತಿರುಗುವ ತೊಟ್ಟಿಲು ಏರಿ, ಸಾವಿನ ಬಾವಿಯಲ್ಲಿ ಮೋಟಾರ್ ಸೈಕಲ್ ಓಡಿಸುವವನನ್ನು ನೋಡಿ ಬಾಯಿ ತೆರೆದು ಮನೆಗೆ ಬರುತ್ತಿದ್ದೆವು. ಈ ಸಲ ಹೆಂಡತಿಯ ಭಿಶಿ ಎದ್ದಿತ್ತು, ಇಪ್ಪತ್ತು ಸಾವಿರ ಕೈಯಲ್ಲಿತ್ತು. "ಫ್ರಿಜ್ ಬ್ಯಾಡ, ಮಕ್ಕಳಿಗೆ ಒಮ್ಮೆ ತೋರಿಸ್ಕೊಂಡ ಬರೋಣು" ಎಂದವಳು ಅವಳೇ.

ಅವ್ವ ಹಿಂದಿನ ರಾತ್ರಿಯೇ ಬುತ್ತಿ ಕಟ್ಟಿದ್ದಳು. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಶೇಂಗಾ ಹೋಳಿಗೆ, ಒಂದು ಡಬ್ಬಿ ಮೊಸರು. ನಮ್ಮ ಕಡೆ ಬುತ್ತಿ ಇಲ್ಲದೆ ಯಾರು ಊರು ಬಿಡುತ್ತಾರೆ? ಗೇಟಿನಲ್ಲಿ ಚೀಲ ತಪಾಸಣೆ ಮಾಡುವ ಹೆಣ್ಣುಮಗಳು ಡಬ್ಬಿ ತೆಗೆದು ನೋಡಿ ತಲೆ ಅಲ್ಲಾಡಿಸಿದಳು. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ. ಎಸೆಯಬೇಕು, ಇಲ್ಲವೇ ಚೀಲ ಸಮೇತ ಹೊರಗಿನ ಕೌಂಟರಿನಲ್ಲಿ ಇಟ್ಟು ಚೀಟಿ ತೆಗೆದುಕೊಳ್ಳಬೇಕು. ಹಿಂದೆ ಸಾಲು ಬೆಳೆದಿತ್ತು, ಮಗ ಕೈ ಜಗ್ಗುತ್ತಿದ್ದ. ಚೀಲ ಅಲ್ಲಿಟ್ಟೆವು. ಆ ಚೀಲದ ಸಣ್ಣ ಜಿಪ್ಪಿನಲ್ಲಿ ಅವ್ವನ ಬಿಪಿ ಗುಳಿಗೆ ಇದ್ದವು. ಅದು ನನಗೆ ಹೊಳೆಯಲಿಲ್ಲ. ಅವಳಿಗೆ ಹೊಳೆದಿತ್ತು, ಹೇಳಲಿಲ್ಲ.

ಟಿಕೆಟ್ ಕೊಡುವುದು ವಯಸ್ಸಿನ ಮೇಲಲ್ಲ, ಎತ್ತರದ ಮೇಲೆ. ಬಹಳ ಪಾರ್ಕುಗಳಲ್ಲಿ 140 ಸೆಂಟಿಮೀಟರ್ ಎಂಬುದೇ ಗೆರೆ. ಅದಕ್ಕಿಂತ ಮೇಲಿದ್ದರೆ ದೊಡ್ಡವರ ಟಿಕೆಟ್, ಕೆಳಗಿದ್ದರೆ ಮಕ್ಕಳ ಟಿಕೆಟ್. ನನ್ನ ಮಗಳು 142. ದೊಡ್ಡವರ ದುಡ್ಡು ಕೊಟ್ಟೆವು. ಆದರೆ ಅವಳು ರೋಲರ್ ಕೋಸ್ಟರ್ ಕಂಡದ್ದೇ ತಡ, "ನಾ ಒಲ್ಲೆ" ಎಂದು ಕೂತುಬಿಟ್ಟಳು. ಮಗ ಒಂದು ತಿಂಗಳಿಂದ ಅದೇ ರೋಲರ್ ಕೋಸ್ಟರಿನ ಕನಸು ಕಂಡವನು. ದಪ್ಪ ಸೋಲಿನ ಬೂಟು ಹಾಕಿಕೊಂಡು ಬಂದಿದ್ದ. ಕೋಲಿಗೆ ತಾಗಿ ನಿಲ್ಲಿಸಿದರೆ ಬೂಟು ಸಮೇತ 129. ಏರಬಲ್ಲವಳು ಏರಲಿಲ್ಲ, ಏರಬೇಕೆಂದವನನ್ನು ಬಿಡಲಿಲ್ಲ. ಅವನು ಅತ್ತದ್ದು ನೋಡಿ ನನಗೂ ಸಿಟ್ಟು ಬಂತು. ಆದರೆ ಆ ಕೋಲಿನ ಹುಡುಗ ಮಾಡಿದ್ದು ತಪ್ಪಲ್ಲ. ಭುಜದ ಮೇಲೆ ಬೀಳುವ ಕಬ್ಬಿಣದ ಬಾರು ದೊಡ್ಡವರ ಮೈಯಳತೆಗೆ ಮಾಡಿದ್ದು, ಸಣ್ಣ ಮೈ ಜಾರಿ ಹೋಗುತ್ತದೆ. 2019ರ ಜುಲೈನಲ್ಲಿ ಅಹಮದಾಬಾದಿನ ಕಾಂಕರಿಯಾ ಕೆರೆಯ ಬಳಿ ರೈಡ್ ಮುರಿದು ಇಬ್ಬರು ಸತ್ತರು. 2022ರ ಸೆಪ್ಟೆಂಬರಿನಲ್ಲಿ ಮೊಹಾಲಿಯ ಮೇಳದಲ್ಲಿ ಎತ್ತರದ ತೊಟ್ಟಿಲು ಜನರನ್ನು ಹೊತ್ತೇ ಕೆಳಗೆ ಬಿತ್ತು. ನಮ್ಮ ಜಾತ್ರೆಯ ತೊಟ್ಟಿಲಿನಲ್ಲಿ ಎತ್ತರ ಅಳೆಯುವವರನ್ನು ನಾನು ಇಲ್ಲಿಯವರೆಗೆ ಕಂಡಿಲ್ಲ. ಆದ್ದರಿಂದ ಅಳೆಯುವವನಿಗೆ ಬೈಯುವ ಹಕ್ಕು ನಮಗಿಲ್ಲ. ಮನೆಯಲ್ಲೇ ಬರಿಗಾಲಿನಲ್ಲಿ ನಿಲ್ಲಿಸಿ ಅಳೆದು, "ನಿನಗ ಇಷ್ಟ ರೈಡ್ ಸಿಗ್ತಾವ, ಇಷ್ಟ ಸಿಗೂದಿಲ್ಲ" ಎಂದು ಹೇಳಿ ಕರೆದೊಯ್ಯಬೇಕಿತ್ತು. ಅದು ನನ್ನ ತಪ್ಪು.

ನೀರಿನ ಭಾಗದಲ್ಲಿ ಮತ್ತೊಂದು ಪಂಚಾಯ್ತಿ. ಸೀರೆ ಬೇಡ, ಚೂಡಿದಾರ ಬೇಡ, ಕಾಟನ್ ಯಾವುದೂ ಬೇಡ, ನೈಲಾನ್ ಬಟ್ಟೆಯೇ ಆಗಬೇಕು. ಸಡಿಲ ಬಟ್ಟೆ ಜಾರುಬಂಡಿಯಲ್ಲಿ ಸಿಕ್ಕಿಕೊಳ್ಳುತ್ತದೆ, ಹತ್ತಿಯ ಎಳೆ ನೀರು ಸೋಸುವ ಯಂತ್ರದಲ್ಲಿ ಸೇರುತ್ತದೆ ಎನ್ನುತ್ತಾರೆ. ಕಾರಣ ಸರಿ. ಆದರೆ ಮದುವೆಯಾಗಿ ಹದಿನೈದು ವರ್ಷ ಸೀರೆ ಬಿಟ್ಟು ಬೇರೆ ಉಡದ ಹೆಣ್ಣುಮಗಳಿಗೆ ಬಾಡಿಗೆ ನೈಲಾನ್ ಅಂಗಿ-ಚಡ್ಡಿ ಕೈಗೆ ಕೊಟ್ಟರೆ ಹೇಗಾಗುತ್ತದೆ? ಹೆಂಡತಿ ಅರ್ಧ ಗಂಟೆ ಬಟ್ಟೆ ಬದಲಿಸುವ ಕೋಣೆಯಿಂದ ಹೊರಗೆ ಬರಲಿಲ್ಲ. ಅವ್ವನೇ ಬಾಗಿಲಿಗೆ ಹೋಗಿ, "ಬಾರವ್ವ, ಇಲ್ಲಿ ನಮ್ಮೂರವ್ರು ಯಾರ ಅದಾರ ನೋಡಾಕ" ಎಂದು ಕರೆದು ತಂದಳು. ಅತ್ತೆಯೇ ಹಾಗೆಂದ ಮೇಲೆ ಸೊಸೆಗೇನು?

ಮುಂದಿನ ಎರಡು ತಾಸು ನಾನು ಮರೆಯುವುದಿಲ್ಲ. ತೆರೆ ಬರುವ ಕೊಳದಲ್ಲಿ ಭೋಂಗಾ ಬಾರಿಸಿದ ಕೂಡಲೇ ನೀರು ಏಳುತ್ತದೆ. ಮೊದಲ ತೆರೆಗೆ ಹೆಂಡತಿ ಹೆದರಿ ನನ್ನ ಕೈ ಹಿಡಿದಳು, ಮೂರನೆಯದಕ್ಕೆ ಬಿಟ್ಟಳು. ಮಗ ತನ್ನ ರೋಲರ್ ಕೋಸ್ಟರ್ ಮರೆತ. ಮಗಳು ಅಮ್ಮನಿಗೆ ನೀರು ಎರಚಿದಳು, ಅಮ್ಮ ತಿರುಗಿ ಎರಚಿದಳು. ವಾರಕ್ಕೊಮ್ಮೆ ನಳ ಬರುವ ಓಣಿಯವರು ನಾವು. ಬಿಂದಿಗೆ ಲೆಕ್ಕದಲ್ಲಿ ನೀರು ಬಳಸುವ ಹೆಂಗಸು ಕುತ್ತಿಗೆಮಟ ನೀರಿನಲ್ಲಿ ನಿಂತು ನಗುವುದನ್ನು ನಾನು ಅದೇ ಮೊದಲು ನೋಡಿದ್ದು. ಫೋಟೋ ತೆಗೆಯಲು ಹೋದರೆ ಬೈದಳು. ಕೊಟ್ಟ ದುಡ್ಡು ಅಲ್ಲಿಗೆ ವಸೂಲಾಯಿತು ಎನ್ನಿಸಿದ್ದು ಸುಳ್ಳಲ್ಲ.

ಆ ಎರಡು ತಾಸು ಅವ್ವ ಎಲ್ಲಿದ್ದಳು? ಬೆಂಚಿನ ಮೇಲೆ. ನಮ್ಮ ಐದೂ ಜನರ ಚಪ್ಪಲಿ, ಟಾವೆಲ್ಲು, ಮೊಬೈಲು ಕಾಯುತ್ತ. ನಾನು ಎರಡು ಸಲ ಬಂದು "ಅವ್ವಾ, ಏನರ ತಿಂತಿಯೇನು?" ಎಂದು ಕೇಳಿದೆ. ಗಾಡಿಯ ಮೇಲೆ ಬರೆದ ರೇಟು ಅವಳಿಗೆ ಕಾಣುತ್ತಿತ್ತು, ಅಂಕಿ ಓದಲು ಅವಳಿಗೆ ಬರುತ್ತದೆ. "ನಂಗ ಹಸಿವಿಲ್ಲ, ನೀವ್ ಆಡ್ರಿ" ಎಂದಳು. ಬುತ್ತಿ ಇಲ್ಲ, ಊಟ ಇಲ್ಲ, ಊಟದ ಮೇಲೆ ತೆಗೆದುಕೊಳ್ಳುವ ಗುಳಿಗೆಯೂ ಇಲ್ಲ. ಮೇ ತಿಂಗಳ ಬಿಸಿಲು.

ಮಧ್ಯಾಹ್ನ ಮಗಳಿಗೆ ಆಯಿಯನ್ನು ಏನಾದರೂ ಒಂದು ಏರಿಸಲೇಬೇಕು ಎನ್ನಿಸಿತು. (ನಮ್ಮಲ್ಲಿ ಆಯಿ ಅಂದರೆ ಅಜ್ಜಿ. ಪಕ್ಕದ ಬೆಂಚಿನ ಮರಾಠಿ ಮಂದಿ "ಆಯಿ" ಕೇಳಿ ಇವಳ ತಾಯಿಯೇ ಎಂದು ತಿಳಿದರಂತೆ. ಅವ್ವ ಅದನ್ನು ಈಗಲೂ ಹೇಳಿ ನಗುತ್ತಾಳೆ.) ದೋಣಿಯಲ್ಲಿ ಕೂತು ಕತ್ತಲ ಗುಹೆಯೊಳಗೆ ನಿಧಾನ ಹೋಗುವ ಒಂದು ರೈಡ್. ಹೊರಗಿನಿಂದ ನೋಡಿದರೆ ಏನೂ ಹೆದರಿಕೆಯಿಲ್ಲ. ಬಾಗಿಲಲ್ಲಿ ಎಚ್ಚರಿಕೆಯ ಫಲಕ ಇತ್ತು. ಹೃದಯದ ತೊಂದರೆ, ಬಿಪಿ, ಬೆನ್ನುನೋವು ಇದ್ದವರು, ಬಸುರಿಯರು ಏರಬಾರದು ಎಂದು. ಅದು ಇಂಗ್ಲಿಷಿನಲ್ಲಿತ್ತು. ಸ್ಪೀಕರಿನಲ್ಲಿ ಹೇಳಿದ್ದು ಹಿಂದಿಯಲ್ಲಿ, ರೈಲ್ವೆ ಸ್ಟೇಷನ್ನಿನ ಸೂಚನೆಯ ಹಾಗೆ ಸರಸರನೆ. ಮಗಳಿಗೆ ಇಂಗ್ಲಿಷ್ ಬರುತ್ತದೆ, ಆದರೆ ಹದಿಮೂರರ ಹುಡುಗಿ ಫಲಕ ಓದುತ್ತಾಳೆಯೇ? ಅವ್ವನಿಗೆ ಕನ್ನಡ ಬರುತ್ತದೆ, ಪೇಟೆಯ ಮರಾಠಿ ಬರುತ್ತದೆ. ನಾನು ಆಗ ಮಗನ ಜೊತೆ ಮತ್ತೊಂದು ಸಾಲಿನಲ್ಲಿ ನಿಂತಿದ್ದೆ.

ಗುಹೆಯ ಕೊನೆಗೆ ದೋಣಿ ಒಮ್ಮೆಲೇ ಕೆಳಗೆ ಇಳಿಯುತ್ತದೆ. ಎಲ್ಲರೂ ಮುಂದಿನ ಕಬ್ಬಿಣ ಹಿಡಿದಿದ್ದರು, ಅವ್ವನ ಕೈ ಸೆರಗಿನ ಮೇಲಿತ್ತು. ಹಣೆ ಹೋಗಿ ಕಬ್ಬಿಣಕ್ಕೆ ಬಡಿಯಿತು. ದೋಣಿ ಇಳಿದ ಮೇಲೆ ನಾಲ್ಕು ಹೆಜ್ಜೆ ನಡೆದು ಚಕ್ಕರ್ ಬಂದು ಕೂತುಬಿಟ್ಟಳು. ಮಗಳು ಅಳುತ್ತ ಓಡಿ ಬಂದು ನನ್ನನ್ನು ಕರೆದಾಗ ನಾನು ಓಡಿದ ಓಟ ನನಗೇ ಗೊತ್ತು.

ಪಾರ್ಕಿನವರದು ಹೇಳಬೇಕೆಂದರೆ, ಎರಡೇ ನಿಮಿಷದಲ್ಲಿ ಗಾಲಿ ಕುರ್ಚಿ ತಂದರು. ದವಾಖಾನೆ ಕೋಣೆ ಸ್ವಚ್ಛ, ನರ್ಸ್ ಬಾಯಿ ಮನೆಮಗಳ ಹಾಗೆ ನೋಡಿದಳು. ಬಿಪಿ ಏರಿತ್ತು. "ಗೋಲಿ ಲೀ ಕ್ಯಾ?" ಎಂದು ಕೇಳಿದಳು. ಅವ್ವ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಆಗ ಗೊತ್ತಾಯಿತು ಗುಳಿಗೆ ಎಲ್ಲಿವೆ ಎಂದು. ಚೀಟಿ ಹಿಡಿದು ಗೇಟಿಗೆ ಓಡಿ ಚೀಲ ಬಿಡಿಸಿಕೊಂಡು ಬಂದೆ. ಬುತ್ತಿಯೂ ಜೊತೆಗೇ ಬಂತು. ನರ್ಸ್ ಬಾಯಿ ಬಾಗಿಲು ಮುಂದೆ ಮಾಡಿ, "ಇಲ್ಲೇ ತಿನಿಸಿಬಿಡಿ, ಯಾರೂ ಏನೂ ಅನ್ನುವುದಿಲ್ಲ" ಎಂದು ಹಿಂದಿಯಲ್ಲಿ ಹೇಳಿದಳು. ಅವ್ವ ಒಂದು ರೊಟ್ಟಿ ಮುರಿದು ಮೊಸರಲ್ಲಿ ಅದ್ದಿ ತಿಂದು, ಗುಳಿಗೆ ನುಂಗಿ, ಆ ಬಾಯಿಗೂ ಒಂದು ಹೋಳಿಗೆ ಕೊಟ್ಟಳು. ಒಂದು ತಾಸಿಗೆ ಸರಿಹೋದಳು. ಸರಿಹೋಗದೆ ಇದ್ದಿದ್ದರೆ? ಆ ರಾತ್ರಿ ರೈಲಿನಲ್ಲಿ ನನಗೆ ನಿದ್ದೆ ಹತ್ತಲಿಲ್ಲ.

ಊರಿಗೆ ಬಂದ ಮೇಲೆ ಈ ಪಾರ್ಕುಗಳ ಮೂಲ ಏನೆಂದು ಓದಿದೆ. ಅಮೆರಿಕದ ವಾಲ್ಟ್ ಡಿಸ್ನಿ ತಮ್ಮ ಇಬ್ಬರು ಹೆಣ್ಣುಮಕ್ಕಳನ್ನು ಲಾಸ್ ಏಂಜಲೀಸಿನ ಗ್ರಿಫಿತ್ ಪಾರ್ಕಿಗೆ ಕರೆದೊಯ್ಯುತ್ತಿದ್ದರಂತೆ. ಮಕ್ಕಳು ತಿರುಗುವ ಕುದುರೆಗಳ ಮೇಲೆ, ಅಪ್ಪ ಬೆಂಚಿನ ಮೇಲೆ ಶೇಂಗಾ ತಿನ್ನುತ್ತ. ದೊಡ್ಡವರೂ ಮಕ್ಕಳೂ ಕೂಡಿ ಆಡುವಂಥ ಒಂದು ಜಾಗ ಯಾಕಿರಬಾರದು ಎಂದು ಆ ಬೆಂಚಿನ ಮೇಲೆ ಹೊಳೆದದ್ದೇ ಮುಂದೆ 1955ರ ಜುಲೈ 17ರಂದು ತೆರೆದ ಡಿಸ್ನಿಲ್ಯಾಂಡ್ ಆಯಿತು. ಬೆಂಚಿನ ಮೇಲೆ ಕೂತವರನ್ನು ಎಬ್ಬಿಸಲೆಂದೇ ಹುಟ್ಟಿದ ಉದ್ಯೋಗ ಇದು. ಎಪ್ಪತ್ತು ವರ್ಷದ ಮೇಲೆ ನಮ್ಮ ಅವ್ವ ಇನ್ನೂ ಅದೇ ಬೆಂಚಿನ ಮೇಲೆ, ಅದೂ ಶೇಂಗಾ ಗೇಟಿನಲ್ಲಿ ಬಿಟ್ಟು.

ಅಲ್ಲಿ ಮೊದಲ ವರ್ಷ ಒಳಗೆ ಹೋಗಲು ದೊಡ್ಡವರಿಗೆ ಒಂದು ಡಾಲರ್, ಮಕ್ಕಳಿಗೆ ಅರ್ಧ ಡಾಲರ್. ರೈಡಿಗೆ ಬೇರೆ ದುಡ್ಡು, ಆಮೇಲೆ ಕೂಪನ್ ಪುಸ್ತಕ. ಅಂದರೆ ಥೇಟ್ ನಮ್ಮ ಜಾತ್ರೆಯ ಹಾಗೆ, ಏರಿದವನು ಕೊಡಬೇಕು. ಆ ಕೂಪನ್ ಪುಸ್ತಕಗಳು 1982ರಲ್ಲಿ ನಿಂತವು, ಒಂದೇ ದರ ಬಂತು. ಈಗ ನಮ್ಮ ದೇಶದ ಪಾರ್ಕುಗಳಲ್ಲೂ ಅದೇ ಪದ್ಧತಿ. ಹತ್ತು ರೈಡ್ ಏರುವ ಹುಡುಗನಿಗೆ ಇದು ಲಾಭ. ಒಂದೂ ಏರದ ಮುದುಕಿಗೆ? ಬಿ.ಕಾಂ. ಓದಿದವನಿಗೆ ಈ ಲೆಕ್ಕ ಮಾಡದೆ ಇರಲಾಗುವುದಿಲ್ಲ. ನಮ್ಮ ಒಟ್ಟು ಖರ್ಚು 13,800 ರೂಪಾಯಿ, ಅದರಲ್ಲಿ ಅವ್ವನ ಪಾಲಿನ ಟಿಕೆಟ್ಟು ಆ ಒಂದು ದೋಣಿಗೆ ಮತ್ತು ಒಂದು ಬೆಂಚಿಗೆ. ಅರವತ್ತು ದಾಟಿದವರಿಗೆ ರಿಯಾಯಿತಿ ಇತ್ತು ಎನ್ನುವುದನ್ನೂ ಹೇಳಿಬಿಡುತ್ತೇನೆ. ಅವಳ ಆಧಾರ್ ಕಾರ್ಡ್ ಮನೆಯ ಟ್ರಂಕಿನಲ್ಲಿ ಉಳಿದಿತ್ತು. ಇನ್ನು ಸರಕಾರದ ಪಾಲು. ಥೀಮ್ ಪಾರ್ಕಿನ ಟಿಕೆಟ್ಟಿನ ಮೇಲೆ 2017ರಲ್ಲಿ 28 ಪ್ರತಿಶತ ಜಿಎಸ್‌ಟಿ ಹಾಕಿದ್ದನ್ನು 2018ರ ಜನವರಿಯಲ್ಲಿ 18ಕ್ಕೆ ಇಳಿಸಿದರು. ಬೆಂಚಿನ ಮೇಲೆ ಕೂತದ್ದಕ್ಕೂ ಆ ತೆರಿಗೆ ಇದ್ದೇ ಇದೆ.

ನಾನು ಕೇಳುವುದು ದೊಡ್ಡದೇನಲ್ಲ. ರೈಡ್ ಏರದೆ ಮಕ್ಕಳನ್ನು ನೋಡಿಕೊಳ್ಳಲು ಮಾತ್ರ ಬರುವ ಹಿರಿಯರಿಗೆ ಬರೀ ಗೇಟಿನ ಟಿಕೆಟ್ ಇಡಲಿ. ಕೈಗೆ ಕಟ್ಟುವ ಪಟ್ಟಿಯ ಬಣ್ಣ ಬೇರೆ ಮಾಡಿದರೆ ಮುಗಿಯಿತು. ಸಾಲು ತಪ್ಪಿಸಿ ಮುಂದೆ ಹೋಗುವವರಿಗೆ ಹೆಚ್ಚು ದುಡ್ಡಿನ ಬೇರೆ ಪಟ್ಟಿ ಕಟ್ಟಲು ಬರುತ್ತದೆ ಎಂದ ಮೇಲೆ (ದೇವಸ್ಥಾನದ ಸ್ಪೆಷಲ್ ದರ್ಶನ ಕಂಡ ನಮಗೆ ಅದು ಹೊಸದೇನಲ್ಲ) ಕಡಿಮೆ ದುಡ್ಡಿನದೂ ಕಟ್ಟಲು ಬರಬೇಕು.

ಬುತ್ತಿಯ ವಿಷಯದಲ್ಲಿ ಪಾರ್ಕಿನವರಿಗೆ ಅವರದೇ ವಾದ ಇದೆ. ಕಸ ಆಗುತ್ತದೆ, ಅವರ ಹೋಟೆಲು ನಡೆಯಬೇಕು. ಸಿನಿಮಾ ಥಿಯೇಟರಿನವರು ಹೊರಗಿನ ತಿಂಡಿ ತಡೆಯಬಹುದು ಎಂದು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಆದರೆ ಕುಡಿಯುವ ಶುದ್ಧ ನೀರು ಪುಕ್ಕಟೆ ಕೊಡಬೇಕು, ಕೂಸುಗಳ ಆಹಾರ ತಡೆಯಬಾರದು ಎಂದೂ ಅದೇ ತೀರ್ಪಿನಲ್ಲಿದೆ. ಸಿನಿಮಾ ಮೂರು ತಾಸು. ಪಾರ್ಕು ಮುಂಜಾನೆಯಿಂದ ಸಂಜೆ, ಅದೂ ಬಿಸಿಲಲ್ಲಿ. ಗೇಟಿನ ಒಳಗೇ ಒಂದು ತಗಡಿನ ಚಪ್ಪರ ಹಾಕಿ, "ಬುತ್ತಿ ಇಲ್ಲಿ ಮಾತ್ರ" ಎಂದು ಬರೆದರೆ ಏನು ಹೋಗುತ್ತದೆ? ಔಷಧಿ ತೆಗೆದುಕೊಳ್ಳುವವರ ರೊಟ್ಟಿಯನ್ನಾದರೂ ಕೂಸಿನ ಹಾಲಿನ ಹಾಗೆ ಎಣಿಸಲಿ. ನೀರಿನ ನಳ ಇದ್ದವು ಎಂದು ಬರೆಯಲೇಬೇಕು. ಆದರೆ ಎರಡೇ ಕಡೆ, ಒಂದು ಪಾಯಖಾನೆಯ ಬಾಜೂಕಿಗೆ. ಬಾಟಲಿಯ ಅಂಗಡಿಗಳು ಮಾತ್ರ ಹೆಜ್ಜೆಗೊಂದು. ಡಿಸ್ನಿಲ್ಯಾಂಡ್ ತೆರೆದ ಮೊದಲ ದಿನವೂ ಪ್ಲಂಬರುಗಳ ಮುಷ್ಕರದ ದೆಸೆಯಿಂದ ಕುಡಿಯುವ ನೀರಿನ ನಳಗಳು ಬಂದಾಗಿದ್ದವಂತೆ, ಜನ ಬಿಸಿಲಲ್ಲಿ ಶಾಪ ಹಾಕಿದರಂತೆ. ಅಲ್ಲಿ ಮುಷ್ಕರವಾದರೂ ಇತ್ತು.

ಎಲ್ಲಕ್ಕಿಂತ ಮುಖ್ಯ ಆ ಫಲಕ. ಎತ್ತರ ಅಳೆಯುವವರು ಫಲಕ ಓದಲು ಬರುತ್ತದೆಯೇ ಎಂದು ಯಾಕೆ ಕೇಳುವುದಿಲ್ಲ? ಇದು ಕನ್ನಡದ ಅಭಿಮಾನದ ಮಾತಲ್ಲ. ಗಡಿಯ ಆಚೆ ಈಚೆ ಹುಟ್ಟಿದ ನಾವು ಫಲಕದ ಭಾಷೆಯ ಜಗಳ ಸಾಕಷ್ಟು ನೋಡಿದ್ದೇವೆ. ಅಂಗಡಿಯ ಹೆಸರು ಯಾವ ಭಾಷೆಯಲ್ಲಿದ್ದರೂ ಯಾರೂ ಸಾಯುವುದಿಲ್ಲ, ಆದರೆ ಬಿಪಿ ಇದ್ದವರು ಏರಬೇಡಿ ಎಂಬ ಮಾತು ತಿಳಿಯದಿದ್ದರೆ ಸಾಯಬಹುದು. ಆ ರಾಜ್ಯದ ಭಾಷೆಯಲ್ಲಿ, ಸುತ್ತಲ ರಾಜ್ಯಗಳ ಭಾಷೆಗಳಲ್ಲಿ ಬರೆಯಲಿ, ಜೊತೆಗೆ ಹೃದಯದ ಚಿತ್ರ, ಬಸುರಿಯ ಚಿತ್ರ, ಬೆನ್ನಿನ ಚಿತ್ರ ಹಾಕಿ ಅಡ್ಡ ಗೆರೆ ಎಳೆಯಲಿ. ಓದಲು ಬಾರದವರಿಗೂ ತಿಳಿಯುತ್ತದೆ.

ಇದು ಆಗದ ಮಾತಲ್ಲ ಎಂದು ಅಲ್ಲಿಯೇ ಕಂಡೆ. ಸಂಜೆ ಸಣ್ಣ ಮಕ್ಕಳ ರೈಲಿನ ಹತ್ತಿರ ಹೋದಾಗ ಅದನ್ನು ನಡೆಸುವ ಹುಡುಗ ಅವ್ವನ ಸೀರೆ ನೋಡಿ, "ಯಾವೂರ್ರೀ ಅಮ್ಮ ನಿಮ್ದು?" ಎಂದ. ಇಂಡಿ ತಾಲೂಕಿನವನಂತೆ, ಕೆಲಸಕ್ಕೆ ಬಂದು ಎರಡು ವರ್ಷವಾಗಿದೆ. "ನಮ್ಮ ಕಡಿ ಮಂದಿ ಕಂಡ್ರ ನಾ ಕನ್ನಡದಾಗ ಹೇಳ್ತೀನ್ರಿ. ಕುಂದ್ರಿ, ಕಬ್ಬಿಣ ಗಟ್ಟಿ ಹಿಡೀರಿ, ನಿಂದರೂತನಕ ಏಳಬ್ಯಾಡ್ರಿ, ಇಷ್ಟ" ಎಂದ. ಅವ್ವ ಆ ರೈಲಿನಲ್ಲಿ ಮೊಮ್ಮಗನ ಬಾಜೂಕಿಗೆ ಕೂತು, ಹಣೆಯ ಮೇಲೆ ಪಟ್ಟಿ ಅಂಟಿಸಿಕೊಂಡೇ ಎರಡು ಸುತ್ತು ತಿರುಗಿದಳು. ಎರಡೂ ಕೈಯಲ್ಲಿ ಕಬ್ಬಿಣ ಗಟ್ಟಿಯಾಗಿ ಹಿಡಿದಿದ್ದಳು.

ಹೋಗಬೇಕೆನ್ನುವವರಿಗೆ ಬೇಡ ಎನ್ನಲಾರೆ. ಗುಳಿಗೆ ಜೇಬಿನಲ್ಲಿ ಇಟ್ಟುಕೊಳ್ಳಿ, ಡಾಕ್ಟರ ಚೀಟಿ ಜೊತೆಗಿರಲಿ, ಹಿರಿಯರ ಆಧಾರ್ ಕಾರ್ಡ್ ಮರೆಯಬೇಡಿ. ಬುತ್ತಿ ಗೇಟಿನ ಹೊರಗೆ ಕೂತು ಉಂಡೇ ಒಳಗೆ ಹೋಗಿ. ಫಲಕ ನೀವೇ ನಿಂತು ಓದಿ, ಹಿರಿಯರಿಗೆ ಅವರ ಭಾಷೆಯಲ್ಲಿ ಹೇಳಿ. ನಮ್ಮ ಶಾಲೆಗಳ ಸಹಲಿಗೆ ಮಕ್ಕಳನ್ನು ಕರೆದೊಯ್ಯುವ ಗುರುಗಳಿಗೂ ಇದೇ ಮಾತು.

ಅವ್ವನನ್ನು ಓಣಿಯವರು ಕೇಳಿದರೆ ಅವಳು ಹೇಳುವುದೇ ಬೇರೆ. ತೋಟ ಹೇಗಿತ್ತು, ಪಾಯಖಾನೆ ನಮ್ಮ ಅಡಿಗೆಮನೆಗಿಂತ ಹೇಗೆ ಸ್ವಚ್ಛವಿತ್ತು, ಸೊಸೆ ಹೇಗೆ ನೀರಿನಲ್ಲಿ ಆಡಿದಳು, ನರ್ಸ್ ಬಾಯಿ ಹೋಳಿಗೆ ತಿಂದು ಏನೆಂದಳು, ಎಲ್ಲ ಹೇಳುತ್ತಾಳೆ. ಹಣೆಗೆ ಬಡಿದದ್ದನ್ನು ತಾನೇ ದೋಣಿ ನಡೆಸಿದವಳ ಹಾಗೆ ಹೇಳುತ್ತಾಳೆ. ಮಗ ಬಾಗಿಲ ಪಕ್ಕದ ಗೋಡೆಗೆ ಪೆನ್ಸಿಲಿನಿಂದ 140 ಎಂದು ಗೆರೆ ಎಳೆದು ದಿನಾ ನಿಂತು ನೋಡುತ್ತಾನೆ. ಮೊನ್ನೆ ಅವನು "ಆಯಿ, ನಾ ಇಷ್ಟ ಆದ ಮ್ಯಾಲೆ ಮತ್ತ ಹೋಗೋಣು, ನೀನೂ ಬಾ" ಎಂದ. ಅವ್ವ ರೊಟ್ಟಿ ಬಡಿಯುತ್ತಲೇ, "ಬರ್ತೀನಿ. ಬುತ್ತಿ ಬಿಡ್ತಾರೇನು ಮದ್ಲ ಫೋನ್ ಮಾಡಿ ಕೇಳು" ಎಂದಳು.